ಹೊಳಪಿನ ಹಿಂದಿನ ತಟ್ಟೆ

ಹೊಸದುರ್ಗದ ಒಂದು ಮನೆಯಲ್ಲಿ ಮಗಳ ಮದುವೆ ನಿಶ್ಚಯವಾಗಿದೆಯೆಂದಿಟ್ಟುಕೊಳ್ಳಿ. ಛತ್ರ ಗೊತ್ತಾಗಿದೆ, ಲಗ್ನಪತ್ರಿಕೆ ಹಂಚಿ ಮುಗಿದಿದೆ. ವಧೂವರರನ್ನು ಕರೆತರಬೇಕಾದ ಮನೆಯ ಕಾರು ಮಾತ್ರ ಹತ್ತು ವರ್ಷದ ಬಿಸಿಲು ಕುಡಿದು ಮಂಕಾಗಿ ನಿಂತಿದೆ. ಯಜಮಾನರು ಅದನ್ನು ಟಿಂಕರಿಂಗ್ ಅಂಗಡಿಗೆ ಒಯ್ದು, ‘ಚೆನ್ನಾಗಿ ಪಾಲಿಷ್ ಹೊಡೆದುಕೊಡಪ್ಪ’ ಎಂದು ಒಪ್ಪಿಸಿ ಬರುತ್ತಾರೆ. ಸಂಜೆಗೆ ಹೋಗಿ ನೋಡಿದರೆ ಬಾನೆಟ್ಟು ಕನ್ನಡಿಯಂತಾಗಿದೆ. ಆದರೆ ಅದರ ಮುಂದಿನ ಮೂಲೆಯಲ್ಲಿ, ರೂಪಾಯಿ ನಾಣ್ಯದಷ್ಟಗಲ, ಬಣ್ಣವೇ ಹಾರಿ ಒಳಗಿನ ಬೂದು ಪ್ರೈಮರ್ ಇಣುಕುತ್ತಿದೆ!

‘ಮಿಷನ್ ಒಂಚೂರು ಜಾರಿಬಿಡ್ತು ಸಾರ್’ ಎನ್ನುತ್ತಾನೆ ಹುಡುಗ. ಯಂತ್ರ ಜಾರಿದ್ದಲ್ಲ. ಯಂತ್ರದ ಮೂತಿಗೆ ಸಿಕ್ಕಿಸಿದ ತಟ್ಟೆಗೂ, ಆ ತಟ್ಟೆಗೆ ಅಂಟಿಸಿದ ಪ್ಯಾಡಿಗೂ ಜೋಡಿ ಕೂಡಿರಲಿಲ್ಲ. ಜಾತಕ ಕೂಡಿಬರದ ಸಂಬಂಧವನ್ನು ಯಾರೂ ಮುಂದುವರಿಸುವುದಿಲ್ಲ. ಇಲ್ಲಿ ಮಾತ್ರ ಕೈಗೆ ಸಿಕ್ಕಿದ್ದನ್ನು ಕೈಗೆ ಸಿಕ್ಕಿದ್ದಕ್ಕೆ ಗಂಟು ಹಾಕುವುದೇ ಹೆಚ್ಚು.

ಚಿತ್ರದುರ್ಗದ ಸೀಮೆಯಲ್ಲಿ ಈ ಕಸುಬಿಗೆ ಕೆಲಸದ ಕೊರತೆಯಿಲ್ಲ. ಬೆಂಗಳೂರು-ಪುಣೆ ಹೆದ್ದಾರಿ ಹಿರಿಯೂರನ್ನೂ ದುರ್ಗವನ್ನೂ ಪೋಣಿಸಿಕೊಂಡು ಹೋಗುತ್ತದೆ. ಹಿರಿಯೂರಿನಲ್ಲಿ ಬಳ್ಳಾರಿಯ ರಸ್ತೆ ಬಂದು ಕೂಡಿಕೊಂಡರೆ, ದುರ್ಗದಿಂದ ಹೊಳಲ್ಕೆರೆಯ ಮೇಲೆ ಶಿವಮೊಗ್ಗದತ್ತ ಇನ್ನೊಂದು ಕವಲೊಡೆಯುತ್ತದೆ. ಮಳೆ ಕಡಿಮೆ, ಬಿಸಿಲು ಜಾಸ್ತಿ, ಗಾಳಿಯಂತೂ ಗುಡ್ಡದ ಮೇಲಿನ ವಿದ್ಯುತ್ ಗಾಳಿಯಂತ್ರಗಳನ್ನು ತಿರುಗಿಸುವಷ್ಟು! ಆ ಗಾಳಿ ಹೊತ್ತು ತರುವ ಧೂಳು ಕಾರಿನ ಮೇಲೆ ಕುಳಿತಾಗ, ಬೆಳಿಗ್ಗೆ ಎದ್ದು ಒಣಬಟ್ಟೆಯಿಂದ ಅದನ್ನು ಒರೆಸುವುದು ಮನೆಮನೆಯ ಅಭ್ಯಾಸ. ಒರೆಸಿದ ಬಟ್ಟೆಯೊಳಗೆ ಸಿಕ್ಕ ಮರಳುಕಣಗಳು ಜೇಡರಬಲೆಯಂಥ ಸಣ್ಣ ಗೀರುಗಳನ್ನು ಎಳೆದುಬಿಡುತ್ತವೆ. ಕಾರು ಮಂಕಾಗಿ ಕಾಣುವುದು ಬಹುಮಟ್ಟಿಗೆ ಈ ಗೀರುಗಳಿಂದಲೇ. ಮನೆಯವರೇ ಒರೆಸಿ ಒರೆಸಿ ತಂದುಕೊಂಡ ಮಂಕು ಅದು.

ಈಗಿನ ಕಾರುಗಳಲ್ಲಿ ಬಣ್ಣದ ಮೇಲೆ ಪಾರದರ್ಶಕವಾದ ಇನ್ನೊಂದು ಲೇಪವಿರುತ್ತದೆ. ಅದನ್ನು ಕ್ಲಿಯರ್ ಕೋಟ್ ಎನ್ನುತ್ತಾರೆ. ಅದರ ದಪ್ಪ ಸಾಮಾನ್ಯವಾಗಿ 35ರಿಂದ 50 ಮೈಕ್ರಾನ್, ಎಂದರೆ ಒಂದು ತಲೆಗೂದಲಿಗಿಂತಲೂ ಕಡಿಮೆ. ಪಾಲಿಷ್ ಮಾಡುವುದೆಂದರೆ ಏನನ್ನೋ ಬಳಿಯುವುದೆಂದು ಬಹಳ ಮಂದಿ ತಿಳಿದಿದ್ದಾರೆ. ಅದು ಬಳಿಯುವ ಕೆಲಸವಲ್ಲ, ತೆಗೆಯುವ ಕೆಲಸ. ಗೀರಿನ ಇಕ್ಕೆಲದ ಲೇಪವನ್ನು ಗೀರಿನ ಆಳದವರೆಗೆ ಸವೆಸಿ ಸಮ ಮಾಡಿದಾಗ ಬೆಳಕು ಚದುರದೆ ಹಿಂದಿರುಗುತ್ತದೆ, ಅದೇ ಹೊಳಪು. ತೆಗೆಯಬಹುದಾದ ಬಂಡವಾಳ ಇಷ್ಟು ತೆಳುವಾಗಿರುವಾಗ, ಒಂದೇ ಕಡೆ ಒತ್ತಡವೋ ಶಾಖವೋ ಹೆಚ್ಚಾದರೆ ಗತಿಯೇನು? ಅದರಲ್ಲೂ ಮೂಲೆ, ಅಂಚು, ಏಣುಗಳ ಮೇಲೆ ಬಣ್ಣ ಮೊದಲೇ ತೆಳ್ಳಗಿರುತ್ತದೆ.

ಬಫಿಂಗ್ ಯಂತ್ರದ ಪ್ಯಾಡು ಮೆತ್ತನೆಯದು. ಸ್ಪಂಜಿನದೋ, ಉಣ್ಣೆಯದೋ, ಮೈಕ್ರೋಫೈಬರಿನದೋ ಆಗಿರುತ್ತದೆ. ಅದಕ್ಕೆ ಬೆನ್ನು ಕೊಡುವ ಗಟ್ಟಿ ತಟ್ಟೆಯೇ ಬ್ಯಾಕಿಂಗ್ ಪ್ಲೇಟ್. ಇವೆರಡನ್ನೂ ಕೂಡಿಸುವುದು ವೆಲ್ಕ್ರೋ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಜಾರ್ಜ್ ಡಿ ಮೆಸ್ಟ್ರಾಲ್ 1941ರಲ್ಲಿ ಬೇಟೆ ಮುಗಿಸಿ ಬಂದಾಗ, ತನ್ನ ಬಟ್ಟೆಗೂ ನಾಯಿಯ ಮೈಗೂ ಅಂಟಿದ್ದ ಮುಳ್ಳುಕಾಯಿಗಳನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿ ಇದರ ಗುಟ್ಟನ್ನು ಹಿಡಿದನೆಂಬುದು ಪ್ರಸಿದ್ಧ ಕಥೆ. ಹೊಲದ ಬದುವಿನಲ್ಲಿ ನಡೆದು ಪಂಚೆಯ ತುಂಬ ಉತ್ತರಾಣಿ ಕಾಳು ಅಂಟಿಸಿಕೊಂಡು ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತಟ್ಟೆಯ ಮೇಲೆ ಕೊಕ್ಕೆ, ಪ್ಯಾಡಿನ ಬೆನ್ನಿನಲ್ಲಿ ಕುಣಿಕೆ.

ಇವುಗಳ ಅಳತೆಯಲ್ಲೇ ಮೊದಲ ತಪ್ಪು ನಡೆಯುವುದು. ಪ್ಯಾಡು ತಟ್ಟೆಗಿಂತ ಸುತ್ತಲೂ ಸುಮಾರು ಅರ್ಧ ಅಂಗುಲ ಹೊರಚಾಚಿರಬೇಕು. 150 ಮಿಲಿಮೀಟರಿನ ಪ್ಯಾಡಿಗೆ 125ರ ತಟ್ಟೆ ಒಪ್ಪುತ್ತದೆ. ಪ್ಯಾಡು, ತಟ್ಟೆ ಎರಡೂ ಒಂದೇ ಅಳತೆಯವಾದರೆ, ಯಂತ್ರ ಕೊಂಚ ಓರೆಯಾದ ಕ್ಷಣದಲ್ಲಿ ತಟ್ಟೆಯ ಗಟ್ಟಿ ಅಂಚೇ ಬಣ್ಣಕ್ಕೆ ತಾಗುತ್ತದೆ. ನಿಮಿಷಕ್ಕೆ 1,500 ಸುತ್ತು ತಿರುಗುವ 150 ಮಿಲಿಮೀಟರಿನ ಪ್ಯಾಡಿನ ಅಂಚು ಗಂಟೆಗೆ ಸುಮಾರು 42 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ತಟ್ಟೆಯ ಅಂಚಿನ ವೇಗವೂ ಅದಕ್ಕೆ ತೀರ ಕಡಿಮೆಯೇನಲ್ಲ. ಆ ವೇಗದಲ್ಲಿ ಗಟ್ಟಿ ಪ್ಲಾಸ್ಟಿಕ್ ತಾಗಿದ ಬಣ್ಣ ಉಳಿದೀತೆ? ಮದುವೆಯ ಕಾರಿನ ಮೂಲೆಯಲ್ಲಿ ನಡೆದದ್ದೂ ಇದೇ.

ತಟ್ಟೆ ತೀರ ಚಿಕ್ಕದಾದರೂ ಕಷ್ಟವೇ. ಬೆನ್ನಿಲ್ಲದ ಪ್ಯಾಡಿನ ಅಂಚು ಅಂಗಿಯ ಚುಂಗಿನಂತೆ ಬಡಿದಾಡುತ್ತದೆ. ಕೈಯ ಒತ್ತಡವೆಲ್ಲ ನಡುಭಾಗಕ್ಕೇ ಬಿದ್ದು, ಅಲ್ಲಿ ಶಾಖ ಕೂಡಿಕೊಂಡು ಕೊಕ್ಕೆಗಳು ಮೆತ್ತಗಾಗುತ್ತವೆ. ಒಮ್ಮೆ ಮೆತ್ತಗಾದ ಕೊಕ್ಕೆ ಮತ್ತೆ ಮೊದಲಿನಂತೆ ಹಿಡಿಯುವುದಿಲ್ಲ. ಓಡುವ ಯಂತ್ರದಿಂದ ಪ್ಯಾಡು ಕಳಚಿ ಹಾರುವುದು ಹೀಗೆ. ಹಾರಿದ ಪ್ಯಾಡು ನಗೆಯ ವಿಷಯವಾದೀತು. ಪ್ಯಾಡಿಲ್ಲದ ಬರಿಯ ತಟ್ಟೆ ಅರೆಕ್ಷಣ ಬಾನೆಟ್ಟಿನ ಮೇಲೆ ತಿರುಗಿದರೆ ಅದು ನಗೆಯ ವಿಷಯವಲ್ಲ.

ಪ್ಯಾಡನ್ನು ನಡುವಿಗೆ ಸರಿಯಾಗಿ ಕೂರಿಸುವುದೂ ಅಷ್ಟೇ ಮುಖ್ಯ. ಪ್ಯಾಡಿನ ನಡುವೆ ತೂತಿದ್ದರೆ ಅದಕ್ಕೂ ತಟ್ಟೆಯ ತೂತಿಗೂ ನೇರ ಮಾಡಿಕೊಂಡರಾಯಿತು. ಯಂತ್ರ ಗಡಗಡ ನಡುಗುತ್ತಿದೆಯೆಂದು ಅದನ್ನೇ ಬಯ್ಯುವವರು ಮೊದಲು ಪ್ಯಾಡನ್ನು ಕಿತ್ತು ಮತ್ತೆ ಅಂಟಿಸಿ ನೋಡುವುದು ಲೇಸು.

ಇನ್ನು ತಿರುಪಿನ ಪ್ರಶ್ನೆ. ನಮ್ಮಲ್ಲಿ ದೊಡ್ಡ ಬಫಿಂಗ್ ಯಂತ್ರಗಳ ಮೂತಿ ಸಾಮಾನ್ಯವಾಗಿ 14 ಮಿಲಿಮೀಟರಿನದು. ಅಂಗಡಿಗಳಲ್ಲಿ ಇದನ್ನು ಎಂ-14 ಎನ್ನುತ್ತಾರೆ. ಚಿಕ್ಕ 4 ಅಂಗುಲದ ಗ್ರೈಂಡರುಗಳದು ಎಂ-10. ಅಮೆರಿಕದ ಮಾದರಿಯ ತಟ್ಟೆಗಳಲ್ಲಿ 5/8 ಅಂಗುಲದ ತಿರುಪು. ಇಷ್ಟರಲ್ಲಿ ವ್ಯತ್ಯಾಸ ಕಣ್ಣಿಗೆ ಕಂಡೀತು. ಮೋಸ ಹೋಗುವುದು ಚಿಕ್ಕ ಬೋಲ್ಟಿನಲ್ಲಿ. ತಿರುಗುತ್ತಲೇ ಅತ್ತಿತ್ತ ಓಲಾಡುವ ಡ್ಯುಯಲ್ ಆಕ್ಷನ್ ಯಂತ್ರಗಳಲ್ಲಿ ಕೆಲವಕ್ಕೆ 8 ಮಿಲಿಮೀಟರ್, ಕೆಲವಕ್ಕೆ 5/16 ಅಂಗುಲ. 5/16 ಅಂಗುಲವೆಂದರೆ 7.94 ಮಿಲಿಮೀಟರ್! ಕಣ್ಣಿಗೆ ಎರಡೂ ಒಂದೇ. ಆದರೆ ಒಂದರ ಸುತ್ತುಗಳ ನಡುವಣ ಅಂತರ 1.25 ಮಿಲಿಮೀಟರ್, ಇನ್ನೊಂದರದು ಹೆಚ್ಚುಕಡಿಮೆ 1.06. ಒಂದೆರಡು ಸುತ್ತು ಒಳಗೆ ಹೋಗಿ ಬಿಗಿಯಾಗುತ್ತದೆ. ಬಿಗಿಯಾಯಿತಲ್ಲ ಎಂದು ಸ್ಪ್ಯಾನರ್ ಹಾಕಿ ಒತ್ತಿದರೆ ಯಂತ್ರದ ಸುತ್ತುಗಳೇ ಕಿತ್ತುಬರುತ್ತವೆ. ಹತ್ತು ಸಾವಿರದ ಯಂತ್ರ ನಾಲ್ಕಾರು ನೂರರ ತಟ್ಟೆಯಿಂದ ಮೂಲೆ ಸೇರಿತೆಂದರೆ, ಹೊಸ ಅಂಗಡಿ ಇಟ್ಟ ಹುಡುಗನಿಗೆ ಅದು ಸಣ್ಣ ಪೆಟ್ಟಲ್ಲ. ಸರಿಯಾದ ಬಿಡಿಭಾಗ ಹುಡುಕಿ ದುರ್ಗದಿಂದ ಸುಮಾರು 200 ಕಿಲೋಮೀಟರ್ ದೂರದ ಬೆಂಗಳೂರಿಗೆ ಹೋಗಬೇಕಾದರಂತೂ ಎರಡು ದಿನದ ದುಡಿಮೆಯೂ ಹೋದಂತೆ. ಹಳೆಯ ತಟ್ಟೆಯನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ, ಅಂಗಡಿಯಲ್ಲೇ ಕೈಯಿಂದ ತಿರುಗಿಸಿ ನೋಡಿ ಕೊಳ್ಳುವ ಮೇಸ್ತ್ರಿಗಳು ಈ ಪಾಡು ಪಡುವುದಿಲ್ಲ.

ಓಲಾಡುವ ಯಂತ್ರಕ್ಕೆ ಮತ್ತೊಂದು ಸ್ವಭಾವವಿದೆ. ಅದರೊಳಗೆ ಎದುರುತೂಕವೊಂದನ್ನು ಇಟ್ಟಿರುತ್ತಾರೆ. ಇಂಥ ಅಳತೆಯ, ಇಷ್ಟು ಭಾರದ ತಟ್ಟೆಗೆಂದೇ ಅದನ್ನು ತೂಗಿ ಕೂರಿಸಿರುತ್ತದೆ. 125ರ ತಟ್ಟೆ ತೆಗೆದು 75ರದನ್ನು ಹಾಕಿದರೆ ಸಮತೂಕ ತಪ್ಪುತ್ತದೆ. ಬಟ್ಟೆ ಒಗೆಯುವ ಯಂತ್ರದಲ್ಲಿ ಒದ್ದೆಯ ಕಂಬಳಿ ಒಂದೇ ಬದಿಗೆ ಸೇರಿದಾಗ ಅದು ಅಡಿಗೆಮನೆಯ ತುಂಬ ಕುಣಿಯುವುದನ್ನು ಕಂಡ ಗೃಹಿಣಿಯರಿಗೆ ಇದು ಚೆನ್ನಾಗಿ ಅರ್ಥವಾದೀತು. ಆ ನಡುಕವನ್ನು ದಿನವಿಡೀ ಹಿಡಿದವನ ಬೆರಳುಗಳು ರಾತ್ರಿ ಜೋಮು ಹಿಡಿಯುತ್ತವೆ.

ನುಣುಪು ಮಾಡುವ ವಿದ್ಯೆ ಈ ಜಿಲ್ಲೆಗೆ ಹೊಸತಲ್ಲವೆಂಬುದನ್ನೂ ಇಲ್ಲಿ ನೆನೆಯಬಹುದು. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ನಡೆಸಿದ ಉತ್ಖನನದಲ್ಲಿ ಉಜ್ಜಿ ನಯಗೊಳಿಸಿದ ಕಲ್ಲಿನ ಕೊಡಲಿಗಳು ದೊರೆತವು. ಆ ಶಿಲಾಯುಗದ ಕುಶಲಿಗೆ ಕೈಯೇ ತಟ್ಟೆ. ಎಲ್ಲಿ ಬಿಸಿಯಾಯಿತು, ಎಲ್ಲಿ ಒತ್ತಡ ಹೆಚ್ಚಾಯಿತು ಎಂಬುದು ಅಂಗೈಗೆ ಅಲ್ಲಿಯೇ ತಿಳಿಯುತ್ತಿತ್ತು. ಇಂದಿನ ಹುಡುಗನಿಗೂ ಬಣ್ಣಕ್ಕೂ ನಡುವೆ ಮೋಟಾರು, ತಟ್ಟೆ, ಪ್ಯಾಡು ಮೂರೂ ನಿಂತಿವೆ. ಬಲ್ಲ ಮೇಸ್ತ್ರಿ ಆಗಾಗ ಯಂತ್ರ ನಿಲ್ಲಿಸಿ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನೋಡುವುದು ಇದೇ ಕಾರಣದಿಂದ. ಏಣು ಮೂಲೆಗಳಿಗೆ ಮೊದಲೇ ಟೇಪು ಅಂಟಿಸುತ್ತಾನೆ. ಕೆಲಸ ಮುಗಿದ ಮೇಲೆ ಪ್ಯಾಡು ಆರುವವರೆಗೆ ಕಾದು, ಅಂಚಿನಿಂದ ಮೆಲ್ಲಗೆ ಬಿಡಿಸುತ್ತಾನೆ. ಯಂತ್ರವನ್ನು ಪ್ಯಾಡಿನ ಮೇಲೆ ಕವುಚಿ ಇಡುವುದಿಲ್ಲ. ಹಾಗಿಟ್ಟ ಸ್ಪಂಜು ಬೆಳಗಾಗುವುದರೊಳಗೆ ಒಂದೇ ಕಡೆ ಚಪ್ಪಟೆಯಾಗಿರುತ್ತದೆ.

ಮದುವೆಯ ಕಾರಿನ ಮೂಲೆಗೆ ಮತ್ತೆ ಬಣ್ಣ ಹೊಡೆಯಬೇಕಾದರೆ ಇಡೀ ಬಾನೆಟ್ಟಿಗೇ ಹೊಡೆಯಬೇಕು. ಇಲ್ಲವಾದರೆ ತೇಪೆ ಕಾಣುತ್ತದೆ. ಅಷ್ಟಕ್ಕೆಲ್ಲ ಮುಹೂರ್ತ ಕಾಯುವುದಿಲ್ಲ. ಛತ್ರದ ಬಾಗಿಲಿಗೆ ಕಾರು ಬಂದು ನಿಂತಾಗ, ಸೇವಂತಿಗೆ ಹಾರದ ಒಂದು ಕುಚ್ಚು ಮುಂದಿನ ಮೂಲೆಯ ಮೇಲೆ ಸ್ವಲ್ಪ ಹೆಚ್ಚೇ ಇಳಿಬಿದ್ದಿದ್ದರೆ, ಬೀಗರು ಅದನ್ನು ಹೂಗಾರನ ಔದಾರ್ಯವೆಂದೇ ತಿಳಿಯುತ್ತಾರೆ.