ದಂಡೆಯ ಮೇಲೆ ಹದವಾಗುವ ಕೊಂಬು

ಗೋಬಿ ಮಂಚೂರಿ ಗಾಡಿಯ ಅಜಿನೊಮೊಟೊ ಯಾರಿಗೆ ಗೊತ್ತಿಲ್ಲ? ಆದರೆ ಅದರ ಬೇರು ಜಪಾನಿನ ಕೊಂಬು ಎಂಬ ಕಡಲ ಪಾಚಿಯಲ್ಲಿದೆ. 1908ರಲ್ಲಿ ಟೋಕಿಯೊದ ರಸಾಯನ ವಿಜ್ಞಾನಿ ಕಿಕುನಾಯೆ ಇಕೆಡಾ ಕೊಂಬುವಿನ ಸಾರಿನಿಂದ ಗ್ಲುಟಮೇಟ್ ಬೇರ್ಪಡಿಸಿ, ಅದರ ರುಚಿಯನ್ನು ಉಮಾಮಿ ಎಂದು ಕರೆದರು. ಮರುವರ್ಷವೇ ಆ ಗ್ಲುಟಮೇಟಿನ ಪುಡಿ ಅಜಿನೊಮೊಟೊ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಈಗ ಅದನ್ನು ಕಬ್ಬಿನಂಥ ಬೆಳೆಗಳಿಂದ ಹುದುಗಿಸಿ ತೆಗೆಯುತ್ತಾರೆ. ಕಾರ್ಖಾನೆಗೆ ಕೊಂಬು ಬೇಡವಾದರೂ ಜಪಾನಿನ ಅಡುಗೆಮನೆಗೆ ಬೇಕೇ ಬೇಕು.

ಆ ದೇಶದ ಕೊಂಬುವಿನಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಪಾಲು ಬರುವುದು ಉತ್ತರದ ಹೊಕ್ಕೈಡೊ ದ್ವೀಪದಿಂದ. ಬಂಡೆಗೆ ಅಂಟಿಕೊಂಡು ಎರಡು ವರ್ಷ ಬೆಳೆದ ಎಲೆಗಳನ್ನೇ ಮುಖ್ಯವಾಗಿ ಕೊಯ್ಯುತ್ತಾರೆ. ಮೊದಲ ವರ್ಷದವು ತೀರ ತೆಳು. ಬೇಸಿಗೆಯ ನಸುಕಿನಲ್ಲಿ ಅನುಭವಿ ಮೀನುಗಾರನೊಬ್ಬ ಆಕಾಶ, ಅಲೆ ಎರಡನ್ನೂ ನೋಡಿ ಬಾವುಟ ಏರಿಸಿದರಷ್ಟೇ ಹಲವು ಊರುಗಳಲ್ಲಿ ದೋಣಿ ಹೊರಡುವುದು. ಉದ್ದನೆಯ ಕೋಲನ್ನು ನೀರಿಗಿಳಿಸಿ, ಎಲೆಗಳನ್ನು ಅದಕ್ಕೆ ಸುತ್ತಿ, ತಿರುಚಿ, ಬುಡಸಮೇತ ಕಿತ್ತೆಳೆಯುತ್ತಾರೆ. ರಟ್ಟೆ ಸೋಲಿಸುವ ಕೆಲಸ.

ನನ್ನ ದೃಷ್ಟಿಯಲ್ಲಿ ನಿಜವಾದ ಕಸುಬು ಶುರುವಾಗುವುದು ದಂಡೆಯಲ್ಲಿ. ಬೆಣಚುಕಲ್ಲು ಹಾಸಿದ ಅಂಗಳದಲ್ಲಿ ಮನೆಮಂದಿಯೆಲ್ಲ ಸೇರಿ ಆಳೆತ್ತರಕ್ಕೂ ಉದ್ದದ ಆ ಎಲೆಗಳನ್ನು ಒಂದೊಂದಾಗಿ, ಮಡಿಕೆ ಬೀಳದಂತೆ ಹರಡುತ್ತಾರೆ. ಅಂದೇ ಒಣಗಬೇಕು. ಹನಿ ಬಿದ್ದರೆ ಬಣ್ಣ ಕೆಟ್ಟು ಬೆಲೆ ಇಳಿಯುತ್ತದೆ. ಮೋಡ ಕಂಡೊಡನೆ ಅಡಿಕೆ ಅಂಗಳಕ್ಕೆ ಓಡುವ ಮಲೆನಾಡಿಗರಿಗೆ ಈ ಆತಂಕವನ್ನು ಬಿಡಿಸಿ ಹೇಳಬೇಕಿಲ್ಲ. ರೌಸು ಎಂಬಲ್ಲಿಯಂತೂ ಒಣಗಿದ್ದನ್ನು ಮತ್ತೆ ರಾತ್ರಿಯ ಇಬ್ಬನಿಗೆ ಒಡ್ಡಿ ಮೆದು ಮಾಡಿ, ಸುರುಳಿ ಸುತ್ತಿ, ಬಿಡಿಸಿ, ಪುನಃ ಬಿಸಿಲಿಗಿಡುತ್ತಾರೆ.

ಶತಮಾನಗಳ ಹಿಂದೆ, ಎಡೊ ಕಾಲದಲ್ಲೇ ಹಾಯಿಹಡಗುಗಳು ಈ ಸರಕನ್ನು ಒಸಾಕಾಕ್ಕೆ ಒಯ್ಯುತ್ತಿದ್ದವು. ಅಲ್ಲಿಂದ ಅದು ಕೊಂಬು ಬೆಳೆಯದ ಒಕಿನಾವಾವನ್ನೂ ಮುಟ್ಟಿ ಅಲ್ಲಿನ ಊಟದ ಭಾಗವಾಯಿತು. ಹೊಕ್ಕೈಡೊದಲ್ಲೂ ಒಂದೊಂದು ಕಡೆಯ ಕೊಂಬುವಿಗೆ ಒಂದೊಂದು ಗುಣ. ರಿಶಿರಿಯ ಕೊಂಬು ತಿಳಿಸಾರಿಗೆ ಹೆಸರುವಾಸಿ, ಕ್ಯೋಟೊದ ಬಾಣಸಿಗರಿಗೆ ಅಚ್ಚುಮೆಚ್ಚು. ಹಿಡಾಕಾದ್ದು ಬೇಗ ಬೇಯುವುದರಿಂದ ತಿನ್ನುವುದಕ್ಕೂ ಒಗ್ಗುತ್ತದೆ. ಸಾರಿಗೆ ನೆನೆಸಿಟ್ಟ ತುಂಡನ್ನು ನೀರು ಕುದಿಯುವ ಮೊದಲೇ ತೆಗೆಯಬೇಕು, ಇಲ್ಲವಾದರೆ ಲೋಳೆ ಬಿಡುತ್ತದೆ. ಒಣ ಎಲೆಯ ಮೇಲಿನ ಬಿಳಿ ಪುಡಿ ಬೂಷ್ಟಲ್ಲ, ಮ್ಯಾನಿಟಾಲ್ ಎಂಬ ಸಿಹಿ ಅಂಶ. ಅದನ್ನು ತೊಳೆದು ಕಳೆಯಬಾರದು.

ಕೊಂಬುವಿಗೆ ತಣ್ಣೀರು ಬೇಕು. ಕಡಲು ಬಿಸಿಯಾಗುತ್ತಿದೆ, ಇಳುವರಿ ದಶಕಗಳಿಂದ ಇಳಿಯುತ್ತಿದೆ. ಹಕೊಡಾಟೆಯ ಸುತ್ತಮುತ್ತ ಕಡಲಲ್ಲಿ ಹಗ್ಗ ಕಟ್ಟಿ ಕೊಂಬು ಬೆಳೆಸುವವರಿದ್ದಾರೆ. ಒಣಗಿಸಲು ಯಂತ್ರಗಳೂ ಬಂದಿವೆ. ಆದರೂ ಬೆಳಗಿನ ಜಾವ ಅಂಗಳಕ್ಕಿಳಿದು ಎಲೆ ಹರಡುವವರಲ್ಲಿ ಮುದುಕರೇ ಹೆಚ್ಚು. ಅವರ ಮಕ್ಕಳು ಪಟ್ಟಣಗಳಲ್ಲಿ ನೆಲೆಸಿರುವಾಗ, ಇಂಥ ಮನೆಗಳಿಗೆ ಕೆಲಸದಾಳುಗಳನ್ನು ಹೊಂದಿಸಿಕೊಡುವುದು ಕಡಲಲ್ಲಿ ಹೊಸದಾಗಿ ಕೊಂಬು ಬೆಳೆಸುವಷ್ಟೇ ತುರ್ತು.