ಕಾಲಡಿಯ ಪೆಟ್ಟಿಗೆ ಬದಲಿಸಬೇಕೇ?

ಗಣೇಶೋತ್ಸವ, ಊರಹಬ್ಬಗಳ ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುವ ಓದುಗರೊಬ್ಬರು ಕೇಳಿದ್ದಾರೆ: ‘ನನ್ನ ಮಲ್ಟಿ-ಎಫೆಕ್ಟ್ಸ್ ಪೆಟ್ಟಿಗೆ ಹಳೆಯದು. ಡಿಸ್ಟಾರ್ಷನ್ ಹಾಕಿದರೆ ಬರೀ ಚುರ್ರ್ ಎನ್ನುತ್ತದೆ. ಕೃತಕ ಬುದ್ಧಿಮತ್ತೆಯ ಹೊಸ ಯಂತ್ರಗಳು ಬಂದಿವೆಯಂತೆ, ಬೆಲೆ ಲಕ್ಷ ದಾಟುತ್ತದೆ. ಸಾಲ ಮಾಡಿಯಾದರೂ ಕೊಳ್ಳಲೇ?’ ಸಾಲದ ವಿಚಾರ ಮನೆಯವರಿಗೆ ಬಿಟ್ಟದ್ದು. ಆ ಚುರ್ರ್ ಎಲ್ಲಿಂದ ಬರುತ್ತಿದೆ ಎಂಬುದನ್ನು ಮಾತ್ರ ವಿಜ್ಞಾನ ಹೇಳಬಲ್ಲದು.

ಈ ದುಬಾರಿ ಪೆಟ್ಟಿಗೆಗಳು ಇಷ್ಟೊಂದು ಕಷ್ಟಪಟ್ಟು ಅನುಕರಿಸುತ್ತಿರುವುದು ಏನನ್ನು ಗೊತ್ತೇ? ಕೆಟ್ಟುಹೋದ ಉಪಕರಣಗಳನ್ನು! ಅಮೆರಿಕದ ಗಿಟಾರ್ ವಾದಕ ಲಿಂಕ್ ರೇ 1958ರ ವಾದ್ಯಸಂಗೀತ ‘ರಂಬಲ್’ಗೆ ಬೇಕಾದ ಒರಟು ನಾದಕ್ಕಾಗಿ ಸ್ಪೀಕರಿನ ಕಾಗದದ ಕೋನ್‌ಗೆ ಪೆನ್ಸಿಲಿನಿಂದ ತೂತು ಕೊರೆದನಂತೆ. ಅದಾದ ಸ್ವಲ್ಪ ಕಾಲಕ್ಕೆ ನ್ಯಾಶ್‌ವಿಲ್‌ನ ಸ್ಟುಡಿಯೊ ಒಂದರಲ್ಲಿ ಮಾರ್ಟಿ ರಾಬಿನ್ಸ್ ಅವರ ‘ಡೋಂಟ್ ವರಿ’ ಹಾಡಿನ ಧ್ವನಿಮುದ್ರಣ ನಡೆಯುತ್ತಿದ್ದಾಗ ಮಿಕ್ಸರಿನ ಟ್ರಾನ್ಸ್‌ಫಾರ್ಮರ್ ಕೈಕೊಟ್ಟಿತು. ಗ್ರೇಡಿ ಮಾರ್ಟಿನ್ ನುಡಿಸುತ್ತಿದ್ದ ಬೇಸ್ ಗಿಟಾರ್ ಗೊರಗುಟ್ಟತೊಡಗಿತು. ಅದನ್ನು ಅಳಿಸದೆ ಹಾಗೆಯೇ ಉಳಿಸಿಕೊಂಡರು. 1961ರಲ್ಲಿ ಹಾಡು ಗೆದ್ದಿತು. ಉಳಿದವರೂ ‘ನಮಗೂ ಅದೇ ಸದ್ದು ಬೇಕು’ ಎಂದು ಬಂದರು. ಅಷ್ಟು ಹೊತ್ತಿಗೆ ಆ ಚಾನೆಲ್ ಪೂರ್ತಿ ಸತ್ತೇ ಹೋಗಿತ್ತು! ಸೌಂಡ್ ಎಂಜಿನಿಯರ್ ಗ್ಲೆನ್ ಸ್ನಾಡಿ ಟ್ರಾನ್ಸಿಸ್ಟರುಗಳಿಂದ ಅದೇ ಕೆಡುಕನ್ನು ಮರಳಿ ಕಟ್ಟಿದರು. ಗಿಬ್ಸನ್ ಕಂಪನಿ 1962ರಲ್ಲಿ ಅದನ್ನು ‘ಮೇಸ್ಟ್ರೊ ಫಝ್-ಟೋನ್’ ಎಂಬ ಪೆಡಲ್ ಮಾಡಿ ಮಾರಿತು. 1965ರಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ ಕೀತ್ ರಿಚರ್ಡ್ಸ್ ‘ಸ್ಯಾಟಿಸ್‌ಫ್ಯಾಕ್ಷನ್’ ಹಾಡಿನಲ್ಲಿ ಅದನ್ನು ತುಳಿದದ್ದೇ ತಡ, ಪೆಡಲ್ಲಿಗೆ ಎಲ್ಲಿಲ್ಲದ ಬೇಡಿಕೆ ಬಂತು.

ಮುಂದಿನದು ವೇಗದ ಕಥೆ. ಬಾಸ್ ಕಂಪನಿ 1988ರಲ್ಲಿ ಹಲವು ಪೆಡಲ್ಲುಗಳನ್ನು ಎಂಇ-5 ಎಂಬ ಒಂದೇ ಪೆಟ್ಟಿಗೆಗೆ ಇಳಿಸಿತು. 1998ರಲ್ಲಿ ಲೈನ್ 6 ಕಂಪನಿಯ ‘ಪಾಡ್’ ಇಡೀ ಆಂಪ್ಲಿಫೈಯರನ್ನೇ ಗಣಿತದಲ್ಲಿ ಅನುಕರಿಸಿತು. ಈಚಿನ ‘ಕ್ಯಾಪ್ಚರ್’ ವಿಧಾನ ಬೇರೆ. ಅದಕ್ಕೆ ಆಂಪ್‌ನ ಒಳಗೇನಿದೆ ಎಂಬುದು ಬೇಕಿಲ್ಲ. ಗೊತ್ತಿರುವ ಸದ್ದೊಂದನ್ನು ಒಳಗೆ ಕಳಿಸಿ, ಹೊರಗೆ ಬಂದದ್ದನ್ನು ಆಲಿಸಿ, ಎರಡರ ಸಂಬಂಧವನ್ನು ನ್ಯೂರಲ್ ನೆಟ್‌ವರ್ಕ್ ಕಲಿಯುತ್ತದೆ. ಜಾಹೀರಾತಿನ ‘ಎಐ’ ಎಂದರೆ ಇಷ್ಟೇ. ಫಲಿತಾಂಶ ನಿಜಕ್ಕೂ ಬೆರಗುಗೊಳಿಸುತ್ತದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಸಾಮಾನ್ಯವಾಗಿ ಅದು ಹಿಡಿಯುವುದು ಆಂಪ್‌ನ ಗುಂಡಿಗಳು ಆ ಹೊತ್ತಿನಲ್ಲಿ ಎಲ್ಲಿದ್ದವೋ ಆ ಒಂದು ಸ್ಥಿತಿಯನ್ನು ಮಾತ್ರ. ಅಂದಹಾಗೆ, ಇದೇ ಕೆಲಸ ಮಾಡುವ ‘ನ್ಯೂರಲ್ ಆಂಪ್ ಮಾಡೆಲರ್’ ಎಂಬ ತಂತ್ರಾಂಶ ಕಂಪ್ಯೂಟರಿಗೆ ಪುಕ್ಕಟೆ ಸಿಗುತ್ತದೆ. ಅಂಗಡಿಯವರು ಇದನ್ನು ಹೇಳಲಾರರು.

ಇನ್ನು ಚುರ್ರ್. ಅದಕ್ಕೆ ಎರಡು ಕಾರಣಗಳಿರಬಹುದು.

ಮೊದಲನೆಯದು ನನಗೆ ಬಲು ಇಷ್ಟವಾದದ್ದು. ಹಳೆಯ ಪೌರಾಣಿಕ ಸಿನಿಮಾಗಳಲ್ಲಿ ರಥ ಮುಂದೆ ಓಡುತ್ತಿದ್ದರೂ ಚಕ್ರ ಹಿಂದಕ್ಕೆ ತಿರುಗಿದಂತೆ ಕಾಣುವುದನ್ನು ಗಮನಿಸಿದ್ದೀರಾ? ಕ್ಯಾಮೆರಾ ಸೆಕೆಂಡಿಗೆ 24 ಚಿತ್ರಗಳನ್ನಷ್ಟೇ ತೆಗೆಯುತ್ತದೆ. ಒಂದು ಚಿತ್ರದಿಂದ ಮುಂದಿನದಕ್ಕೆ ಹೋಗುವಷ್ಟರಲ್ಲಿ ಚಕ್ರದ ಕಡ್ಡಿಯೊಂದು ಮುಂದಿನ ಕಡ್ಡಿಯ ಜಾಗಕ್ಕೆ ಇನ್ನೇನು ಮುಟ್ಟಬೇಕು, ಸ್ವಲ್ಪದರಲ್ಲಿ ಹಿಂದುಳಿದಿದೆ ಎನ್ನಿ. ಕಡ್ಡಿಗಳೆಲ್ಲ ಒಂದೇ ಥರ ಇರುವುದರಿಂದ ಕಣ್ಣಿಗೆ ಕಾಣುವುದು ಆ ಹಿಂದುಳಿದದ್ದು ಮಾತ್ರ. ಚಕ್ರದ ವೇಗ ಹೆಚ್ಚಿದಂತೆಲ್ಲ ಈ ಹಿನ್ನಡೆ ಕಡಿಮೆಯಾಗುತ್ತ, ಒಂದು ಹಂತದಲ್ಲಿ ಚಕ್ರ ನಿಂತೇಬಿಟ್ಟಂತೆ ತೋರುತ್ತದೆ.

ಡಿಜಿಟಲ್ ಡಿಸ್ಟಾರ್ಷನ್ನಿನಲ್ಲೂ ಇದೇ ಆಗುತ್ತದೆ. ಪೆಟ್ಟಿಗೆ ಸದ್ದನ್ನು ಸೆಕೆಂಡಿಗೆ 48,000 ಸಲ ಅಳೆದರೆ 24,000 ಹರ್ಟ್ಸ್‌ವರೆಗಿನ ಸ್ವರಗಳನ್ನು ಸರಿಯಾಗಿ ಹಿಡಿಯಬಲ್ಲದು. ಗಿಟಾರಿನ ಒಂದನೇ ತಂತಿಯ 24ನೇ ಫ್ರೆಟ್ಟಿನ ಸ್ವರ ಸುಮಾರು 1,319 ಹರ್ಟ್ಸ್, ಅದೇನೂ ತೊಂದರೆಯಲ್ಲ. ಆದರೆ ಅಲೆಯ ತಲೆ ಕತ್ತರಿಸಿದಾಗ, ಅಂದರೆ ಡಿಸ್ಟಾರ್ಷನ್ ಹಾಕಿದಾಗ, ಅದರ ಮೂರು, ಐದು, ಏಳರಷ್ಟು ಹೀಗೆ ಮೇಲಿನ ಸ್ವರಗಳು ಸಾಲುಸಾಲಾಗಿ ಹುಟ್ಟುತ್ತವೆ. ಇಪ್ಪತ್ತೈದರಷ್ಟು ಎಂದರೆ ಸುಮಾರು 33,000 ಹರ್ಟ್ಸ್. ಅದಕ್ಕೆ ಜಾಗವಿಲ್ಲ. ಹಾಗೆಂದು ಅದು ಮಾಯವಾಗುವುದಿಲ್ಲ, ಹಿಂದಕ್ಕೆ ಮಡಚಿಕೊಂಡು 15,000 ಹರ್ಟ್ಸ್‌ನಲ್ಲಿ ಬಂದು ಕೂರುತ್ತದೆ. ನೀವು ನುಡಿಸಿದ ಸ್ವರಕ್ಕೂ ಅದಕ್ಕೂ ಶ್ರುತಿಯ ಸಂಬಂಧವೇ ಇರುವುದಿಲ್ಲ. ಪರೀಕ್ಷೆ ಸುಲಭ. ಡಿಸ್ಟಾರ್ಷನ್ ಪೂರ್ತಿ ಏರಿಸಿ, ಮೇಲಿನ ಫ್ರೆಟ್ಟಿನಲ್ಲಿ ತಂತಿಯನ್ನು ನಿಧಾನವಾಗಿ ಎಳೆಯಿರಿ. ಸ್ವರ ಏರುತ್ತಿರುವಾಗ ಹಿನ್ನೆಲೆಯಲ್ಲಿ ಸಣ್ಣ ಸಿಳ್ಳೆಯೊಂದು ಕೆಳಗಿಳಿಯುತ್ತಿದ್ದರೆ, ಅದೇ ಈ ದೋಷ. ಇದರ ಮದ್ದೆಂದರೆ ಒಳಗೊಳಗೇ ಎಂಟು, ಹದಿನಾರು ಪಟ್ಟು ವೇಗದಲ್ಲಿ ಲೆಕ್ಕ ಮಾಡಿ, ಮೇಲಿನದನ್ನು ಸೋಸಿ ತೆಗೆಯುವುದು. ಅದಕ್ಕೆ ಶಕ್ತಿವಂತ ಪ್ರೊಸೆಸರ್ ಬೇಕು. ಹೊಸ ಯಂತ್ರಗಳು ನಿಜವಾಗಿ ಮೇಲಾಗಿರುವುದು ಇಲ್ಲಿ.

ಎರಡನೆಯ ಕಾರಣ ತೀರಾ ಸಾದಾ, ಆರ್ಕೆಸ್ಟ್ರಾದವರಲ್ಲಿ ಬಹುಪಾಲು ಇದೇ. ಗಿಟಾರ್ ಆಂಪ್‌ನ ಸ್ಪೀಕರ್ 5-6 ಸಾವಿರ ಹರ್ಟ್ಸ್ ದಾಟಿದ ಮೇಲೆ ಹೆಚ್ಚೇನೂ ನುಡಿಯುವುದಿಲ್ಲ. ಡಿಸ್ಟಾರ್ಷನ್ನಿನ ಮೊನಚನ್ನು ಅದೇ ನುಂಗಿಹಾಕುತ್ತದೆ. ನಮ್ಮ ವೇದಿಕೆಗಳಲ್ಲಿ ಆಂಪ್ ಎಲ್ಲಿದೆ? ಕೇಬಲ್ ನೇರ ಮಿಕ್ಸರಿಗೆ ಹೋಗುತ್ತದೆ, ಪಿಎ ಸ್ಪೀಕರಿನ ಹಾರ್ನ್ 15,000ದವರೆಗೂ ನಿಷ್ಠೆಯಿಂದ ಕಿರುಚುತ್ತದೆ. ಪೆಟ್ಟಿಗೆಯಲ್ಲಿ ಗಿಟಾರ್ ಸ್ಪೀಕರನ್ನು ಅನುಕರಿಸುವ ಕ್ಯಾಬಿನೆಟ್ ಸಿಮ್ಯುಲೇಷನ್ ಆಫ್ ಆಗಿದ್ದರೆ ಕಿವಿ ಉಳಿಯುವುದು ಕಷ್ಟ. ಹಳೆಯ ಯಂತ್ರಗಳಲ್ಲಿ ಅದು ದುರ್ಬಲವಾಗಿರುವುದೂ ಉಂಟು. ಆಗಲೂ ಇಡೀ ಯಂತ್ರ ಬದಲಿಸಬೇಕಿಲ್ಲ. ನಿಜವಾದ ಸ್ಪೀಕರಿನ ಅಳತೆಯನ್ನು, ಅಂದರೆ ಇಂಪಲ್ಸ್ ರೆಸ್ಪಾನ್ಸನ್ನು, ತುಂಬಿಕೊಳ್ಳುವ ಚಿಕ್ಕ ಪೆಡಲ್ಲುಗಳು ಹೊಸ ಪೆಟ್ಟಿಗೆಯ ಬೆಲೆಯ ಒಂದಂಶಕ್ಕೆ ಸಿಗುತ್ತವೆ.

ಜಾಹೀರಾತಿನ ಉಳಿದ ಅಂಕಿಗಳಿಗೆ ಮರುಳಾಗಬೇಡಿ. 24 ಬಿಟ್ ಎಂದರೆ ಲೆಕ್ಕದಲ್ಲಿ ಅತಿ ಮೆಲುಸದ್ದಿಗೂ ಅತಿ ಜೋರಿನದಕ್ಕೂ ನಡುವೆ 144 ಡೆಸಿಬೆಲ್ ಅಂತರ. ನಿಮ್ಮ ಪಿಕಪ್ ಎಳೆದುಕೊಳ್ಳುವ ಕರೆಂಟಿನ 50 ಹರ್ಟ್ಸ್ ಗುಂಯ್‌ಗುಡುವಿಕೆಯೇ ಅದರ ಬಹುಭಾಗವನ್ನು ತಿಂದುಹಾಕಿರುತ್ತದೆ. 32 ಬಿಟ್ ಆದರೆ ಆ ಗುಂಯ್ ಇನ್ನಷ್ಟು ನಿಖರವಾಗಿ ದಾಖಲಾದೀತು! ತಂತಿ ಮೀಟಿದ ಮೇಲೆ ಯಂತ್ರದಿಂದ ಸದ್ದು ಹೊರಬರುವ ವಿಳಂಬದ ಲೆಕ್ಕವೂ ಅಷ್ಟೆ. ಸದ್ದು ಗಾಳಿಯಲ್ಲಿ ಒಂದು ಮೀಟರ್ ಸಾಗಲು ಸುಮಾರು 3 ಮಿಲಿಸೆಕೆಂಡ್ ಬೇಕು. ಒಂದು ಯಂತ್ರದ ವಿಳಂಬ 2, ಇನ್ನೊಂದರದು 3 ಎಂದು ತಲೆ ಕೆಡಿಸಿಕೊಳ್ಳುವವರು ಮಾನಿಟರಿನ ಹತ್ತಿರ ಒಂದು ಹೆಜ್ಜೆ ಸರಿದು ನಿಂತರೆ ಸಾಕು.

ಅಂಗಡಿಯಲ್ಲಿ ಹೋಲಿಸುವಾಗ ಎರಡೂ ಯಂತ್ರಗಳ ಸದ್ದಿನ ಮಟ್ಟ ಒಂದೇ ಇರಲಿ. ಸದ್ದು ತಗ್ಗಿದಂತೆ ನಮ್ಮ ಕಿವಿಗೆ ಕೆಳಸ್ವರಗಳು ಬೇಗ ಮಂಕಾಗುತ್ತವೆ ಎಂದು ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ತೋರಿಸಿದ್ದಾರೆ. ಸ್ವಲ್ಪ ಜೋರಾಗಿ ನುಡಿದದ್ದು ತುಂಬುನಾದ ಎನಿಸಿಬಿಡುತ್ತದೆ. ನುಡಿಸುವುದು ನೀವೇ ಆಗಲಿ, ಯಾವ ಯಂತ್ರ ಎಂಬುದನ್ನು ಮರೆಮಾಡಿ ಬದಲಿಸುವುದು ಗೆಳೆಯರಿರಲಿ.

ಹಾಗಾದರೆ ಕೊಳ್ಳಬೇಕೇ? ಇಳಿಯುವ ಸಿಳ್ಳೆ ಸ್ಪಷ್ಟವಾಗಿ ಕೇಳಿದರೆ, ಹಾಡಿನ ನಡುವೆ ಪ್ಯಾಚ್ (ಮೊದಲೇ ಹೊಂದಿಸಿಟ್ಟ ಸದ್ದು) ಬದಲಿಸುವಾಗ ಸದ್ದು ಕಡಿದುಹೋಗುತ್ತಿದ್ದರೆ, ಕಾಲ್‌ಸ್ವಿಚ್ಚುಗಳು ಸವೆದಿದ್ದರೆ ಧಾರಾಳವಾಗಿ ಕೊಳ್ಳಿ. ಇಲ್ಲವಾದರೆ ಕ್ಯಾಬಿನೆಟ್ ಸಿಮ್ಯುಲೇಷನ್ ಆನ್ ಮಾಡಿ, ಮೇಲಿನ ಸ್ವರಗಳನ್ನು ಕತ್ತರಿಸುವ ಹೈ-ಕಟ್ಟನ್ನು 6,000 ಹರ್ಟ್ಸ್‌ಗೆ ಇಳಿಸಿ ಮುಂದಿನ ಕಾರ್ಯಕ್ರಮದಲ್ಲಿ ನುಡಿಸಿ. ಚುರ್ರ್ ಹೋಯಿತೇ ಇಲ್ಲವೇ ಎಂದು ನನಗೊಂದು ಸಾಲು ಬರೆಯಿರಿ.