ಅವ್ವನ ಬ್ಯಾನಿ, ಮನೆಯ ಮಾತು

ಮಾನ್ವಿ ತಾಲೂಕಿನ ಒಂದು ಊರು. ಕಾಲುವೆ ನೀರಿನ ಊರು. ಅಲ್ಲಿ ಭತ್ತ ಬೆಳೆಯುತ್ತಾರೆ. ಆ ಊರಲ್ಲಿ ಒಂದು ಮನೆ ಇದೆ ಎಂದುಕೊಳ್ಳಿ. ಮನೆಯಲ್ಲಿ ಅತ್ತೆ, ಸೊಸೆ, ಎರಡು ಸಣ್ಣ ಮಕ್ಕಳು. ಅತ್ತೆಯ ಹಿರಿಮಗ ಬೆಂಗಳೂರಿಗೆ ದುಡಿಯಲು ಹೋಗಿದ್ದಾನೆ. ಅಲ್ಲಿ ಕಟ್ಟಡದ ಕೆಲಸ. ಕಿರಿಮಗ ರಾಯಚೂರಿನಲ್ಲಿ ಆಟೋ ಓಡಿಸುತ್ತಾನೆ. ಮಗಳನ್ನು ದೇವದುರ್ಗಕ್ಕೆ ಕೊಟ್ಟಿದ್ದಾರೆ. ಇಂಥ ಮನೆ ನಮ್ಮ ಕಡೆ ಎಷ್ಟಿಲ್ಲ?

ಅತ್ತೆಗೆ ಮುಟ್ಟು ನಿಂತು ಹತ್ತು ವರ್ಷ ಆಗಿತ್ತು. ಈಗ ಮತ್ತೆ ರಕ್ತ ಹೋಗತೊಡಗಿತು. ಅತ್ತೆ ನಾಚಿಕೆಯಿಂದ ಯಾರಿಗೂ ಹೇಳಲಿಲ್ಲ. ಬಟ್ಟೆ ಒಗೆಯುವಾಗ ಸೊಸೆ ನೋಡಿದಳು. ಮೊದಲು ಮಾನ್ವಿ ದವಾಖಾನೆಗೆ ಕರೆದೊಯ್ದಳು. ಅಲ್ಲಿಂದ ರಾಯಚೂರಿನ ರಿಮ್ಸ್ ಆಸ್ಪತ್ರೆಗೆ ಕಳಿಸಿದರು. ಸಣ್ಣ ತುಣುಕು ತೆಗೆದು ಪರೀಕ್ಷೆ ಮಾಡಿದರು. ಗರ್ಭಕೋಶದ ಬಾಯಿಯ ಕ್ಯಾನ್ಸರ್ ಎಂದು ತಿಳಿಯಿತು.

ಆ ದಿನ ಕಿರಿಮಗ ಜೊತೆಗಿದ್ದ. ಡಾಕ್ಟರು ಅವನಿಗೆ ಹೇಳಿದರು. ಅವನು ಹೊರಗೆ ಬಂದು ಅತ್ತಿಗೆಯ ಕೈ ಹಿಡಿದುಕೊಂಡ.

"ಅತ್ತಿಗಿ, ಅವ್ವಗ ಹೇಳಬ್ಯಾಡ. ಎದಿ ಒಡಕೊಂಡು ಸಾಯ್ತಾಳ."

ಅಣ್ಣನಿಗೆ ಫೋನಿನಲ್ಲಿ "ಸಾದಾ ಬ್ಯಾನಿ" ಎಂದ. ಅಕ್ಕನಿಗೆ "ಹೊಟ್ಟ್ಯಾಗ ಗಡ್ಡಿ ಅದ" ಎಂದ. ಒಂದು ರೋಗಕ್ಕೆ ಮೂರು ಹೆಸರು ಆಯಿತು. ಅವನು ಕೆಟ್ಟವನಲ್ಲ. ಅವ್ವನ ಮೇಲಿನ ಪ್ರೀತಿಗೆ ಹಾಗೆ ಮಾಡಿದ. ಆದರೆ ಎಂಟು ದಿನದಲ್ಲಿ ಮಗಳಿಗೆ ಬೇರೆಯವರ ಬಾಯಿಂದ ಸುದ್ದಿ ಮುಟ್ಟಿತು. ದೇವದುರ್ಗದಿಂದ ಬಸ್ಸು ಹತ್ತಿ ಬಂದಳು. ಸೊಸೆಯ ಮೇಲೆ ಸಿಟ್ಟಾದಳು.

"ನಾ ಆಕಿ ಹೊಟ್ಟ್ಯಾಗ ಹುಟ್ಟಿಲ್ಲೇನು? ನನಗ್ಯಾಕ ಮುಚ್ಚಿಟ್ಟಿ?"

ಮುಚ್ಚಿಡು ಎಂದವನು ಮೈದುನ. ಬೈಸಿಕೊಂಡವಳು ಸೊಸೆ. ಹೆಚ್ಚು ಮನೆಗಳಲ್ಲಿ ಹೀಗೇ ಆಗುತ್ತದೆ. ಮನೆಯಲ್ಲಿ ಯಾರು ಉಣಿಸುತ್ತಾರೋ, ತೊಳೆಯುತ್ತಾರೋ, ರಾತ್ರಿ ಎದ್ದು ನೋಡುತ್ತಾರೋ, ಅವರ ಮೇಲೇ ಎಲ್ಲರ ಸಿಟ್ಟು ಬೀಳುತ್ತದೆ. ಆ ಸಿಟ್ಟು ನಿಜವಾಗಿ ರೋಗದ ಮೇಲಿನದು. ರೋಗಕ್ಕೆ ಬೈಯಲು ಬರುವುದಿಲ್ಲ. ಎದುರಿಗೆ ಸಿಕ್ಕವರಿಗೆ ಬೈಯುತ್ತೇವೆ.

ಮುಂದೆ ಅತ್ತೆಯನ್ನು ಕಲಬುರಗಿಗೆ ಕರೆದೊಯ್ದರು. ಅಲ್ಲಿ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯ ಶಾಖೆ ಇದೆ. ಆಸ್ಪತ್ರೆಯ ಮುಂದೆ ಅತ್ತೆ ನಿಂತುಬಿಟ್ಟಳು. ಆಕೆ ಸಾಕ್ಷರತಾ ಕೇಂದ್ರದಲ್ಲಿ ಅಕ್ಷರ ಕಲಿತವಳು. ತಲೆ ಎತ್ತಿ ಬೋರ್ಡು ಓದಿದಳು.

"ಕ್ಯಾ... ನ್ಸ... ರ್."

ಸೊಸೆಗೆ ಕಾಲಲ್ಲಿ ಬಲ ಉಳಿಯಲಿಲ್ಲ. ಅತ್ತೆ ಅಳಲಿಲ್ಲ.

"ನನಗ ಮೊದಲ ಗೊತ್ತಿತ್ತವಾ. ನೀವು ಗುಸುಗುಸು ಮಾತಾಡೋದು ನೋಡಿದ್ನಿ. ನನ್ನ ಗಂಗಾಳ ಬ್ಯಾರೆ ಇಟ್ರಿ. ಮೊಮ್ಮಕ್ಕಳನ್ನ ಹತ್ರ ಬಿಡಲಿಲ್ಲ. ಒಬ್ಬಾಕಿನ ಚಿಂತಿ ಮಾಡಿ ಸಾಕಾತು."

ಅಕ್ಕಂದಿರೇ, ನಾವು ಮುಚ್ಚಿಟ್ಟರೂ ರೋಗಿಗೆ ತಿಳಿಯುತ್ತದೆ. ನಮ್ಮ ಮುಖ ಹೇಳುತ್ತದೆ. ಆಗ ಅವರು ನಮ್ಮ ಮುಂದೆ ಏನೂ ತಿಳಿಯದವರಂತೆ ಇರುತ್ತಾರೆ. ನಾವು ಅವರ ಮುಂದೆ ಹಾಗೇ ಇರುತ್ತೇವೆ. ಒಂದೇ ಮನೆಯಲ್ಲಿ ಎಲ್ಲರೂ ಒಂಟಿ.

ಹಾಗಾದರೆ ಹೇಗೆ ಹೇಳುವುದು? ಒಮ್ಮೆಲೇ ಹೇಳಬೇಕಿಲ್ಲ. ಮೊದಲು ಕೇಳಿ. "ಅತ್ತಿ, ನಿನಗ ಏನಾಗ್ಯಾದ ಅನಸ್ತದ? ಡಾಕ್ಟರು ಹೇಳಿದ್ದು ತಿಳಕೋಬೇಕನಸ್ತದೇನು?" ಬೇಕು ಎಂದರೆ ಸ್ವಲ್ಪ ಸ್ವಲ್ಪ ಹೇಳಿ. ಬೇಡ ಎಂದರೆ ಬಿಡಿ. ಕೆಲವರಿಗೆ ಬೇಡ ಇರುತ್ತದೆ, ಅದೂ ಅವರ ಹಕ್ಕು. ಆದರೆ ಸುಳ್ಳು ಹೇಳಬೇಡಿ. "ಇಷ್ಟೇ ದಿನ ಬದುಕ್ತಾಳ" ಎಂದು ಲೆಕ್ಕ ಹೇಳಬೇಡಿ. ಗರ್ಭಕೋಶದ ಬಾಯಿಯ ಕ್ಯಾನ್ಸರನ್ನು ಮೊದಲ ಹಂತದಲ್ಲಿ ಹಿಡಿದರೆ ವಾಸಿಯಾಗುವುದುಂಟು. ಯಾವ ಹಂತ ಎಂದು ಡಾಕ್ಟರನ್ನೇ ಕೇಳಿ.

ಗಂಗಾಳದ ಮಾತು ಬಂತು. ಕ್ಯಾನ್ಸರ್ ಅಂಟು ಜಾಡ್ಯವಲ್ಲ. ಒಂದೇ ಗಂಗಾಳದಲ್ಲಿ ಉಂಡರೆ ಬರುವುದಿಲ್ಲ. ಮೈ ಮುಟ್ಟಿದರೆ ಬರುವುದಿಲ್ಲ. ಜನ "ಕರೆಂಟ್ ಕೊಡ್ತಾರ" ಎನ್ನುತ್ತಾರಲ್ಲ, ದೊಡ್ಡ ಮಷೀನಿನಿಂದ ಹೊರಗಿನಿಂದ ಕೊಡುವುದು, ಅದು ಮುಗಿಸಿ ಬಂದವರ ಮೈಯಲ್ಲಿ ಕರೆಂಟ್ ಉಳಿಯುವುದಿಲ್ಲ. ಮೊಮ್ಮಕ್ಕಳು ತೊಡೆಯ ಮೇಲೆ ಕೂತರೆ ಏನೂ ಆಗುವುದಿಲ್ಲ. ಇದನ್ನು ಓಣಿಯವರಿಗೂ ಹೇಳಿ. ಓಣಿಯವರ ಬಾಯಿ ಮುಚ್ಚಿಸುವುದು ಕಷ್ಟ, ಆದರೂ ಹೇಳಿ.

ಈ ಕರೆಂಟ್ ಚಿಕಿತ್ಸೆ ಸುಮಾರು ಐದು ವಾರ ನಡೆಯುತ್ತದೆ. ವಾರಕ್ಕೆ ಐದು ದಿನ. ಅಷ್ಟು ದಿನ ಕಲಬುರಗಿಯಲ್ಲಿ ಜೊತೆಗೆ ಇರುವವರು ಯಾರು? ಖರ್ಚು ಯಾರದು? ದೊಡ್ಡ ಜಗಳ ಇಲ್ಲೇ ಶುರು. ಹಿರಿಮಗ ಬೆಂಗಳೂರಿನಿಂದ ಫೋನು ಮಾಡಿ "ನಾ ರೊಕ್ಕ ಕಳಿಸೀನಿ, ಎಲ್ಲಿ ಹೋತು?" ಎಂದ. ಕಿರಿಮಗ "ನಾನೂ ಸಾಲ ಮಾಡೀನಿ" ಎಂದ. ಇಬ್ಬರ ಮಾತೂ ಖರೆ.

ಸೊಸೆ ಮಗನ ಹಳೆಯ ನೋಟುಬುಕ್ಕು ತೆಗೆದುಕೊಂಡಳು. ತಾನು ಕಲಿತ ಅಕ್ಷರದಲ್ಲಿ ಬರೆದಳು. ತಾರೀಖು, ಡಾಕ್ಟರು ಏನು ಹೇಳಿದರು, ಗುಳಿಗೆ, ಯಾರು ಎಷ್ಟು ಕೊಟ್ಟರು, ಎಷ್ಟು ಖರ್ಚಾಯಿತು. ಕಾಗುಣಿತ ತಪ್ಪಿತ್ತು. ಲೆಕ್ಕ ತಪ್ಪಿರಲಿಲ್ಲ. ಬಸ್ಸಿನ ಟಿಕೆಟ್ಟನ್ನೂ ಅಂಟಿಸಿದಳು. ವಾರಕ್ಕೊಮ್ಮೆ ಅದನ್ನೇ ಫೋನಿನಲ್ಲಿ ಓದಿ ಹೇಳಿದಳು. ಮೂವರಿಗೂ ಒಂದೇ ಮಾತು. ಜಗಳ ಪೂರ್ತಿ ನಿಲ್ಲಲಿಲ್ಲ. ಆದರೆ "ರೊಕ್ಕ ನುಂಗ್ಯಾಳ" ಎಂಬ ಮಾತು ನಿಂತಿತು.

ರೊಕ್ಕದ ಮಾತಿನಲ್ಲಿ ಇನ್ನೊಂದು ವಿಷಯ. 2018ರಿಂದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆ ಇದೆ. ಬಿಪಿಎಲ್ ರೇಷನ್ ಕಾರ್ಡ್ ಇರುವ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ರೇಷನ್ ಕಾರ್ಡ್, ಆಧಾರ್, ಸರ್ಕಾರಿ ಆಸ್ಪತ್ರೆಯವರು ಬರೆದುಕೊಟ್ಟ ಚೀಟಿ, ಈ ಮೂರನ್ನೂ ಜೋಪಾನ ಮಾಡಿ. ಹೊಲ ಅಡವಿಡುವ ಮೊದಲು ಆಸ್ಪತ್ರೆಯಲ್ಲಿ ಇದನ್ನು ಕೇಳಿ.

ನೋವಿನ ಬಗ್ಗೆಯೂ ಬಾಯಿ ಬಿಟ್ಟು ಕೇಳಬೇಕು. ಎಷ್ಟೋ ತಾಯಂದಿರು ಹಲ್ಲು ಕಚ್ಚಿ ಮಲಗುತ್ತಾರೆ. ಮಕ್ಕಳಿಗೆ ಯಾಕೆ ತ್ರಾಸು ಎನ್ನುತ್ತಾರೆ. ಕ್ಯಾನ್ಸರ್ ನೋವಿಗೆ ಗಟ್ಟಿ ಔಷಧಿ ಇದೆ. ವಾಸಿಯಾಗದ ರೋಗಕ್ಕೂ ನೋವು ಇಳಿಸುವ ಚಿಕಿತ್ಸೆ ಇದೆ.

ಇನ್ನು ಸೊಸೆಯ ಮಾತು. ಆಕೆ ರಾತ್ರಿ ನಿದ್ದೆಗೆಟ್ಟಳು, ಕೂಲಿ ಬಿಟ್ಟಳು. "ಹೆಂಗಿದ್ದಿ?" ಎಂದು ಆಕೆಯನ್ನು ಯಾರೂ ಕೇಳಲಿಲ್ಲ. ಒಂದು ದಿನ ಆಕೆಯೇ ಗಂಡನಿಗೆ ಹೇಳಿದಳು. "ದಿನಾ ಫೋನು ಮಾಡಿ ಹಿಂಗ ಮಾಡು, ಹಂಗ ಮಾಡು ಅನ್ನಬ್ಯಾಡ. ಎಂಟು ದಿನ ಬಂದು ಕೂಡು." ಹೀಗೆ ಕೇಳುವುದು ಉದ್ಧಟತನ ಅಲ್ಲ. ನನಗೆ ಕೇಳಿದರೆ ಆಕೆ ತಡಮಾಡಿ ಕೇಳಿದಳು. ಮನಸ್ಸು ತೀರ ಕುಗ್ಗಿದರೆ 14416ಕ್ಕೆ ಫೋನು ಮಾಡಬಹುದು. ಇದು 2022ರಲ್ಲಿ ಶುರುವಾದ ಟೆಲಿ ಮಾನಸ್ ಸೇವೆ. ರೊಕ್ಕ ಕೊಡಬೇಕಿಲ್ಲ. ಕನ್ನಡದಲ್ಲಿ ಮಾತಾಡುತ್ತಾರೆ.

ಗಂಡ ಬಂದ. ದೇವದುರ್ಗದ ಮಗಳು ಮೂರನೇ ವಾರಕ್ಕೆ ಪಾಳಿ ಹಿಡಿದಳು. ಹೊರಡುವ ಮುಂದೆ ಅತ್ತಿಗೆಯ ಕೈಯಿಂದ ನೋಟುಬುಕ್ಕು ಇಸಿದುಕೊಂಡಳು. "ಸಂಜಿ ಗುಳಿಗಿ ಯಾವುದು, ಇದರಾಗ ಬರದೀಯೇನು?" ಎಂದು ಕೇಳಿದಳು. ಮೊದಲ ಜಗಳದ ನಂತರ ಇಬ್ಬರೂ ನೇರವಾಗಿ ಮಾತಾಡಿದ್ದು ಅಂದೇ. ಅತ್ತೆ ಕಟ್ಟೆಯ ಮೇಲೆ ಕೂತು ಮೊಮ್ಮಗಳ ತಲೆ ಬಾಚುತ್ತಿದ್ದಳು.